ಸಾಮರ್ಥ್ಯ ಮೀರಿ ಕನೆಕ್ಷನ್ ಮಾರಿದರೆ ಮೋಸವೇ?

ಪ್ರಶ್ನೆ: ಬ್ರಾಡ್‌ಬ್ಯಾಂಡ್ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ ನನ್ನದು. ರಾತ್ರಿ ಒಂಬತ್ತಾದರೆ ಸ್ಪೀಡ್ ಬಿದ್ದುಹೋಗುತ್ತದೆ. ದಿನವೂ ದೂರು. ಆದರೂ ಹೊಸ ಕನೆಕ್ಷನ್‌ಗಳ ಟಾರ್ಗೆಟ್ ಏರಿಸಿದ್ದಾರೆ. ಕೇಳಿದರೆ ‘ಎಲ್ಲರೂ ಮಾಡೋದು ಹೀಗೇ’ ಅಂತಾರೆ. ಇದು ಮೋಸ ಅಲ್ವಾ?

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಮನೆಗಳಿಗೆ ಫೈಬರ್ ಕೊಡುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದೇ ಲೈನನ್ನು 32 ಅಥವಾ 64 ಮನೆಗಳಿಗೆ ಹಂಚುವುದುಂಟು. 64 ಮನೆಗೆ ತಲಾ 100 ಮೆಗಾಬಿಟ್ ಪ್ಲಾನ್ ಮಾರಿದರೆ ಒಟ್ಟು 6.4 ಗಿಗಾಬಿಟ್ ಆಯಿತು. ಇಷ್ಟಕ್ಕೇ ಮೋಸ ಅನ್ನಲಾಗದು. ಎಲ್ಲರೂ ಒಂದೇ ಹೊತ್ತಿಗೆ ಪೂರ್ತಿ ಸ್ಪೀಡ್ ಎಳೆಯುವುದಿಲ್ಲ. ಹಂಚಿಕೊಳ್ಳುವುದರಿಂದಲೇ ದರ ಕೈಗೆಟಕುತ್ತದೆ.

ಆದರೆ ಈ ಲೆಕ್ಕ ನಿಂತಿರುವುದೇ ಜನ ಜಾಸ್ತಿ ಬಳಸುವ ಹೊತ್ತಿನ ಮೇಲೆ. ನಿಮ್ಮಲ್ಲಿ ಆ ಹೊತ್ತಿಗೇ ದಿನವೂ ಲೆಕ್ಕ ತಪ್ಪುತ್ತಿದೆ, ಅದು ಕಂಪನಿಗೆ ಗೊತ್ತೂ ಇದೆ. ಗೊತ್ತಿದ್ದೂ ಮಾರುವುದು ನನ್ನ ಪ್ರಕಾರ ಮೋಸವೇ.

ಗ್ರಾಹಕರ ಕಡೆಯಿಂದ ನೋಡಿ. ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ನಿಂತುಹೋಗುತ್ತದೆ. ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ. ಅವರು ಮೂರು ಸಲ ಮಾಡುತ್ತಾರೆ. ತಪ್ಪು ತಮ್ಮ ಮನೆಯಲ್ಲೇ ಇದೆ ಅಂದುಕೊಳ್ಳುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇದೇ.

1996ರ ಡಿಸೆಂಬರ್‌ನಲ್ಲಿ, ಫೋನ್ ಲೈನ್‌ನಲ್ಲಿ ಡಯಲ್ ಮಾಡಿ ಇಂಟರ್ನೆಟ್‌ಗೆ ಸೇರುವ ಸೇವೆ ಕೊಡುತ್ತಿದ್ದ ಅಮೆರಿಕದ ಎಒಎಲ್ ಕಂಪನಿ ಗಂಟೆ ಲೆಕ್ಕ ಬಿಟ್ಟು ತಿಂಗಳಿಗೊಂದೇ ದರ ತಂದಿತು. ಜನ ಲೈನ್ ಬಿಡಲೇ ಇಲ್ಲ. ಉಳಿದವರಿಗೆ ಡಯಲ್ ಮಾಡಿದಷ್ಟೂ ಎಂಗೇಜ್ ಟೋನ್. ಮರು ತಿಂಗಳೇ ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳ ಜೊತೆ ಒಪ್ಪಂದವಾಗಿ ಹಣ ವಾಪಸ್ ಕೊಡಲು ಕಂಪನಿ ಒಪ್ಪಬೇಕಾಯಿತು. ಗಂಟೆಯ ಮೀಟರ್ ತೆಗೆದರೆ ಬಳಕೆ ಏರುತ್ತದೆ ಎಂದು ಊಹಿಸುವುದು ಕಷ್ಟವೇನಿರಲಿಲ್ಲ.

ನೀವು ಸುಮ್ನೆ ಕೂರಬೇಡಿ. ನೆಟ್‌ವರ್ಕ್ ವಿಭಾಗದವರಿಂದ ಒಂದು ವಾರದ ಸಂಜೆಯ ಲೋಡ್ ಗ್ರಾಫ್ ತೆಗೆಸಿಕೊಳ್ಳಿ. ಯಾವ ಲೈನ್ ತುಂಬಿದೆಯೋ ಅದರಲ್ಲಿ ಅಪ್‌ಗ್ರೇಡ್ ಆಗುವವರೆಗೆ ಹೊಸ ಕನೆಕ್ಷನ್ ಬೇಡ ಎಂದು ಮ್ಯಾನೇಜರ್‌ಗೆ ಬರೆದು ಕೊಡಿ. ಬಾಯಿಮಾತು ಸಾಲದು. ವರ್ಷದ ಹಣ ಮುಂಗಡ ಕಟ್ಟಿದ ಗ್ರಾಹಕರು ಬಿಟ್ಟುಹೋಗುತ್ತೇವೆ ಅಂದರೆ ಕಂಪನಿ ಉಳಿದ ಹಣ ಕೊಟ್ಟು ಕಳಿಸಲಿ.

ಮತ್ತೆ ನಾಳೆ ಯಾರಾದರೂ ‘ರಾತ್ರಿ ಹೊತ್ತು ಎಷ್ಟು ಸ್ಪೀಡ್ ಸಿಗುತ್ತೆ?’ ಅಂತ ಕೇಳಿದರೆ, ಆ ಗ್ರಾಫ್‌ನಲ್ಲಿ ಕಂಡಿದ್ದನ್ನೇ ಹೇಳಿ.