ಹಾಡಲು ಬಾಯಿ ಬಾರದ ಭಾನುವಾರ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ವಯಸ್ಸು 43. ನಮ್ಮದು ಮೂರು ತಲೆಮಾರಿನಿಂದ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆತನ. ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಎರಡೂ ಕಿಡ್ನಿ ಹೋದವು. ಎರಡು ವರ್ಷ, ವಾರಕ್ಕೆರಡು ಸಲ, ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿದೆ. ಉಪವಾಸ ಮಾಡಿದೆ, ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದೆ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಒಬ್ಬರು, ‘ನಿನ್ನ ನಂಬಿಕೆ ಸಾಲಲಿಲ್ಲ ತಂಗಿ’ ಎಂದರು. ಅವತ್ತಿನಿಂದ ಚರ್ಚಿಗೆ ಹೋಗಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಒಂದು ಮಾತೂ ಬರುವುದಿಲ್ಲ. ಅತ್ತೆ ಪ್ರತಿ ಭಾನುವಾರ ಕರೆಯುತ್ತಾರೆ. ಬರಲ್ಲ ಎಂದರೆ ಬೈಯುವುದಿಲ್ಲ, ಸುಮ್ನೆ ಹೋಗುತ್ತಾರೆ. ನನ್ನ ಹೆಸರಿನಲ್ಲಿ ಹತ್ತು ರೂಪಾಯಿ ಕಾಣಿಕೆ ತಾವೇ ಹಾಕಿ ಬರುತ್ತಾರೆ. ಮಗ ಪಿಯುಸಿ ಓದುತ್ತಿದ್ದಾನೆ. ಕೆಲವು ದಿನ ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ. ಅತ್ತೆಯ ಸಲುವಾಗಿ ನಂಬಿಕೆ ಇರುವವಳ ಹಾಗೆ ನಟಿಸಲೇ, ಇಲ್ಲ ಎಲ್ಲವನ್ನೂ ಬಿಟ್ಟುಬಿಡಲೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲು ಮಣ್ಣಿನ ದಿನ ನಿಮ್ಮ ಕಿವಿಗೆ ಬಿದ್ದ ಆ ಮಾತು.

ಅದು ತಪ್ಪು ಮಾತು. ಆಡಿದವರು ಎಷ್ಟೇ ದೊಡ್ಡ ಪ್ರಾರ್ಥನಾವೀರರಾಗಿರಲಿ, ತಪ್ಪೇ. ಸತ್ಯವೇದವೇ, ಅಂದರೆ ಬೈಬಲ್ಲೇ, ಅದನ್ನು ಒಪ್ಪುವುದಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಏನು ಬೇಡಿದರು? ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು. ದೂರವಾಗಲಿಲ್ಲ. ಮರುದಿನ ಶಿಲುಬೆಗೇ ಏರಬೇಕಾಯಿತು. ಹಾಗಾದರೆ ಅವರ ನಂಬಿಕೆಯೂ ಸಾಲಲಿಲ್ಲವೇ? ಯೇಸುವಿನ ಸುವಾರ್ತೆ ಸಾರಿದ ಪೌಲನಿಗೆ ಮೈಯಲ್ಲಿ ಏನೋ ಒಂದು ಬಾಧೆ ಇತ್ತು. ತೆಗೆದುಬಿಡು ಎಂದು ಮೂರು ಸಲ ಬೇಡಿದ. ಅದು ಹೋಗಲಿಲ್ಲ. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು, ‘ಇದು ಯಾರ ಪಾಪ, ಇವನದೋ, ಇವನ ತಂದೆತಾಯಿಯದೋ’ ಎಂದು ಕೇಳಿದಾಗ ಯೇಸು ಕೊಟ್ಟ ಉತ್ತರ ನಿಮಗೆ ಗೊತ್ತು. ಇವನದೂ ಅಲ್ಲ, ಅವರದೂ ಅಲ್ಲ. ಕಷ್ಟ ಕಂಡ ಕೂಡಲೇ ತಪ್ಪು ಯಾರದು ಎಂದು ಹುಡುಕುವ ಚಾಳಿ ಶಿಷ್ಯರಿಗೂ ಇತ್ತು, ಅಲ್ವಾ?

ನಿಮ್ಮ ಯಜಮಾನರ ಜೀವ ತೆಗೆದದ್ದು ರೋಗ. ವಾರಕ್ಕೆರಡು ಸಲದಂತೆ ಎರಡು ವರ್ಷ ಅಂದರೆ ಸುಮಾರು ಇನ್ನೂರು ಸಲ ನೀವು ಆ ರೈಲು ಹತ್ತಿದ್ದೀರಿ. ಬುತ್ತಿ ಕಟ್ಟಿಕೊಂಡು, ಫೈಲು ಹಿಡಿದುಕೊಂಡು, ಸುಸ್ತಾದ ಮನುಷ್ಯನನ್ನು ಹೆಗಲಿಗೆ ಒರಗಿಸಿಕೊಂಡು ಸಂಜೆ ವಾಪಸ್ ಬಂದಿದ್ದೀರಿ. ನಂಬಿಕೆ ಎಂದರೆ ನನ್ನ ಕಣ್ಣಿಗೆ ಕಾಣುವುದು ಅದೇ.

ಇನ್ನು ಪ್ರಾರ್ಥನೆ ಬರುವುದಿಲ್ಲ ಎಂದಿರಿ. ಕೀರ್ತನೆಗಳ ಪುಸ್ತಕ ಮನೆಯಲ್ಲಿ ಇದ್ದೇ ಇದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಜಗಳ. 13ನೇ ಕೀರ್ತನೆ ತೆಗೆಯಿರಿ. ಎಷ್ಟು ದಿನ ನನ್ನನ್ನು ಮರೆತಿರುತ್ತೀ, ಎಷ್ಟು ದಿನ ಮುಖ ಮರೆಮಾಡುತ್ತೀ ಎಂದು ಶುರುವಿನಲ್ಲೇ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. 88ನೆಯದು ಇನ್ನೂ ಕಠಿಣ. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸಮಾಧಾನಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನು ಸತ್ಯವೇದದಿಂದ ಯಾರೂ ಕಿತ್ತು ಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಇಂಥದ್ದೇ ಒಂದು ಕೀರ್ತನೆಯ ಮೊದಲ ಸಾಲು. ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ನಿಮ್ಮ ಎದೆಯಲ್ಲಿ ಈಗ ಇರುವುದು ಈ ಪ್ರಶ್ನೆಯೇ ಆದರೆ ಅದನ್ನೇ ಹೇಳಿ. ಸಿಟ್ಟಿದ್ದರೆ ಸಿಟ್ಟು. ಅದೂ ಆಗದಿದ್ದರೆ ಸುಮ್ನೆ ಕುಳಿತಿರಿ.

ಬೆಳಿಗ್ಗೆ ಏಳುವುದೇ ಬೇಡ ಅನ್ನುವ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರವಾದಿ ಎಲೀಯನಿಗೂ ಒಂದು ದಿನ ಹೀಗೆಯೇ ಆಗಿತ್ತು. ಗಿಡದ ಕೆಳಗೆ ಕುಳಿತು, ಸಾಕು, ನನ್ನ ಜೀವ ತೆಗೆದುಕೋ ಎಂದ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ದೇವದೂತ ಬಂದು ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ಮಾತುಕತೆ ಆಮೇಲೆ. ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ನಿದ್ದೆ ಬರುತ್ತದೆಯೇ? ಪತ್ರದಲ್ಲಿ ಅದು ಇಲ್ಲ. 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನಸ್ಸಿನ ಡಾಕ್ಟರುಗಳು ಇದ್ದಾರೆ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ‘ಏಳುವುದು ಬೇಡ’ ಎನ್ನುವುದು ‘ಬದುಕುವುದೇ ಬೇಡ’ ಎಂದಾದರೆ ಬೆಳಗಾಗುವವರೆಗೂ ಕಾಯಬೇಡಿ. ಅತ್ತೆಯನ್ನು ಎಬ್ಬಿಸಿ ಹೇಳಿ, ಆ ನಂಬರಿಗೆ ಆಗಲೇ ಫೋನ್ ಮಾಡಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅವರೇ. ನೀವು ಗಂಡನನ್ನು ಕಳೆದುಕೊಂಡಿರಿ. ಅವರು ಮಗನನ್ನು ಮಣ್ಣಿಗಿಟ್ಟು ಬಂದರು. ಆದರೂ ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ಹೊರಡುತ್ತಾರೆ, ನಿಮ್ಮನ್ನು ಕರೆಯುತ್ತಾರೆ. ನೀವು ಅದನ್ನು ಒತ್ತಾಯ ಎಂದುಕೊಂಡಿದ್ದೀರಿ. ಇರಬಹುದು. ಒಬ್ಬರೇ ಹೋಗಿ ಆ ಬೆಂಚಿನಲ್ಲಿ ಕೂರುವುದು ಅವರಿಗೂ ಆಗುತ್ತಿಲ್ಲವೇನೋ. ಯಾವತ್ತಾದರೂ ಕೇಳಿದ್ದೀರಾ?

ಮಾರ್ಕನ ಸುವಾರ್ತೆಯಲ್ಲಿ ಒಬ್ಬ ಪಾರ್ಶ್ವವಾಯು ರೋಗಿ ಬರುತ್ತಾನೆ. ನಾಲ್ಕು ಜನ ಅವನನ್ನು ಹೊತ್ತು ತರುತ್ತಾರೆ. ಜನಜಂಗುಳಿಯಲ್ಲಿ ದಾರಿ ಸಿಗದೆ ಮಾಳಿಗೆ ಹತ್ತಿ, ಮೇಲ್ಛಾವಣಿ ಕಿತ್ತು, ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ಯೇಸು ‘ಅವರ ನಂಬಿಕೆಯನ್ನು ನೋಡಿ’ ಆ ರೋಗಿಯೊಂದಿಗೆ ಮಾತಾಡಿದರು ಎಂದಿದೆ. ಅವರ ನಂಬಿಕೆ. ಮಲಗಿದ್ದವನು ಬಾಯಿಬಿಟ್ಟು ಒಂದು ಮಾತು ಆಡಿದ್ದೂ ಕಥೆಯಲ್ಲಿ ಇಲ್ಲ. ನೀವು ಈಗ ಆ ಹಾಸಿಗೆಯ ಮೇಲಿದ್ದೀರಿ. ವಾರವಾರ ನಿಮ್ಮ ಹೆಸರಿನಲ್ಲಿ ಹತ್ತು ರೂಪಾಯಿ ಹಾಕಿ ಬರುವ ಮುದುಕಿ ಅದರ ಒಂದು ಮೂಲೆ ಹಿಡಿದಿದ್ದಾರೆ.

ನನ್ನ ಅಪ್ಪ ತೀರಿಕೊಂಡ ಮೇಲೆ ಸುಮಾರು ಒಂದು ವರ್ಷ ನನಗೂ ಹಾಡಲು ಬಾಯಿ ಬರಲಿಲ್ಲ. ಎಲ್ಲರೂ ಎದ್ದು ನಿಂತಾಗ ಪುಸ್ತಕ ಹಿಡಿದು ನಿಲ್ಲುತ್ತಿದ್ದೆ, ಅಷ್ಟೇ. ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಅಜ್ಜಿ ಏನೂ ಕೇಳುತ್ತಿರಲಿಲ್ಲ. ಹಾಡುತ್ತಲೇ ನನ್ನ ಪುಸ್ತಕದಲ್ಲಿ ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದರು. ಎಲ್ಲಿಗೆ ಬಂದಿದ್ದೇವೆ ಎಂದು ತೋರಿಸುವ ಹಾಗೆ. ಒಂದು ದಿನ ಮೂರನೇ ಚರಣದಲ್ಲಿ ನನ್ನ ದನಿ ತಾನಾಗಿ ಸೇರಿತು. ಎರಡು ಸಾಲು ಹಾಡಿ ಅಳು ಬಂತು.

ಅದಕ್ಕೇ ಹೇಳುತ್ತೇನೆ, ನಟಿಸಬೇಡಿ, ಬಿಟ್ಟೂ ಬಿಡಬೇಡಿ. ಕ್ರೈಸ್ತ ಮಿಶನರಿಗಳ ಸಂಸ್ಥೆ ಬಾಸೆಲ್ ಮಿಶನ್ ನಿಮ್ಮ ಬೆಟಗೇರಿಗೆ ಬಂದದ್ದು 1841ರಲ್ಲಿ. 1876-78ರ ಬರದಲ್ಲಿ ಈ ಸೀಮೆಯ ಎಷ್ಟೋ ಮನೆಗಳು ಬರಿದಾದವು, ಆಮೇಲೆ ಪ್ಲೇಗೂ ಬಂತು. ಕಳೆದುಕೊಂಡವರು ಆಗಲೂ ಬಂದು ದೇವರ ಮುಂದೆ ಕುಳಿತರು. ಅವರಲ್ಲಿ ಎಷ್ಟು ಜನರಿಗೆ ಹಾಡಲು ಬಾಯಿ ಬಂದಿತ್ತೋ! ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರಲು ನಿಮಗೂ ಜಾಗ ಇದೆ. ಸಭಾಪಾಲಕರಿಗೆ ಮೊದಲೇ ಒಂದು ಮಾತು ಹೇಳಿಡಿ. ಅವರು ನಿಮ್ಮ ಹೆಸರು ಕರೆದು ಎಲ್ಲರ ಮುಂದೆ ಪ್ರಾರ್ಥನೆ ಮಾಡದಿರಲಿ. ಆ ಮಾತು ಆಡಿದವರು ಎದುರು ಸಿಕ್ಕರೆ ತಲೆ ಆಡಿಸಿ ಮುಂದೆ ಹೋಗಿ, ಜಗಳ ಬೇಡ. ಮಗನನ್ನು ಬಾ ಎಂದು ಎಳೆಯಬೇಡಿ. ಅವನೂ ಅಪ್ಪನನ್ನು ಕಳೆದುಕೊಂಡವನು, ಅವನಿಗೆ ಅವನದೇ ಹೊತ್ತು ಬೇಕು.

ಈ ಭಾನುವಾರ ಅತ್ತೆ ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಜೊತೆಗೆ ನಡೆಯಿರಿ. ಒಳಗೆ ಹೋಗುವುದನ್ನು ಅಲ್ಲಿ ನಿಂತು ಯೋಚಿಸಿದರಾಯಿತು. ಆಗದಿದ್ದರೆ ವಾಪಸ್ ಬನ್ನಿ. ಆದರೆ ಆ ಹತ್ತು ರೂಪಾಯಿಯನ್ನು ಈ ಸಲ ನಿಮ್ಮ ಕೈಯಾರೆ ಅವರ ಕೈಗೆ ಕೊಡಿ.