ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ತಂದೆಯ ಆರೈಕೆಯಲ್ಲಿ ಮನೆಯವರು ಏನು ಮಾಡಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ತಂದೆಯವರಿಗೆ 68 ವರ್ಷ, ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿಕೊಂಡು ಎಡಗೈ ಮತ್ತು ಎಡಗಾಲಿನ ಸ್ವಾಧೀನ ತಪ್ಪಿದೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ದಿನಕ್ಕೊಮ್ಮೆ ಒಂದು ಗಂಟೆ ಫಿಸಿಯೋಥೆರಪಿಸ್ಟ್ ಬಂದು ಹೋಗುತ್ತಾರೆ, ಉಳಿದ ಹೊತ್ತು ನೀವು ಮತ್ತು ನಿಮ್ಮ ತಾಯಿ ನೋಡಿಕೊಳ್ಳುತ್ತಿದ್ದೀರಿ. ನೆಂಟರಲ್ಲಿ ಒಬ್ಬರು ಚೆನ್ನಾಗಿ ಎಣ್ಣೆ ತಿಕ್ಕಿಸಿ ಎನ್ನುತ್ತಾರೆ, ಇನ್ನೊಬ್ಬರು ನಾಟಿ ಔಷಧಿಯ ಊರಿನ ಹೆಸರು ಹೇಳುತ್ತಾರೆ, ಮತ್ತೊಬ್ಬರು ಅಲುಗಾಡಿಸದೆ ಮಲಗಿಸಿಡಿ ಎನ್ನುತ್ತಾರೆ. ಪಾರ್ಶ್ವವಾಯು ಮತ್ತು ಮೂಳೆ ಮುರಿತದ ರೋಗಿಗಳನ್ನು ನೋಡಿಕೊಳ್ಳುವ ಪುನಶ್ಚೇತನ ಕೇಂದ್ರವೊಂದರಲ್ಲಿ ನಾನು ನರ್ಸ್. ರೋಗಿಯನ್ನು ಮನೆಗೆ ಕಳಿಸುವ ಮುನ್ನ ಮನೆಯವರಿಗೆ ಆರೈಕೆಯನ್ನು ಕಲಿಸುವುದು ನನ್ನ ಕೆಲಸದ ದೊಡ್ಡ ಭಾಗ. ಆ ನೆಲೆಯಿಂದ ಹೇಳುವುದಾದರೆ, ಫಿಸಿಯೋಥೆರಪಿಸ್ಟ್ ಮಾಡಿಸುವ ಒಂದು ಗಂಟೆಯ ವ್ಯಾಯಾಮ ಫಲ ಕೊಡುವುದೂ ಕೊಡದಿರುವುದೂ ಉಳಿದ 23 ಗಂಟೆ ನೀವು ಅವರನ್ನು ಹೇಗೆ ಮಲಗಿಸುತ್ತೀರಿ, ಹೇಗೆ ಎಬ್ಬಿಸುತ್ತೀರಿ, ಹೇಗೆ ಉಣ್ಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು ಭುಜದ ವಿಷಯ. ಮನೆಗೆ ಬಂದ ಮೊದಲ ವಾರಗಳಲ್ಲಿ ಹೆಚ್ಚು ಹಾನಿಯಾಗುವುದು ಇಲ್ಲಿಯೇ, ಅದೂ ಪ್ರೀತಿಯಿಂದ ಸಹಾಯ ಮಾಡಲು ಹೋದವರ ಕೈಯಲ್ಲಿ. ಭುಜದ ಕೀಲಿನ ಗುಳಿ ಬಹಳ ಆಳವಿಲ್ಲ. ತೋಳಿನ ಮೂಳೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಬಹುಪಾಲು ಸುತ್ತಲಿನ ಸ್ನಾಯುಗಳೇ. ಲಕ್ವದಿಂದ ಆ ಸ್ನಾಯುಗಳು ಸಡಿಲವಾದಾಗ ತೋಳಿನ ಭಾರಕ್ಕೇ ಮೂಳೆ ಕೆಳಗೆ ಜಾರತೊಡಗುತ್ತದೆ. ಆ ಸ್ಥಿತಿಯಲ್ಲಿ ಯಾರಾದರೂ ಎಡಗೈ ಹಿಡಿದು ಎಳೆದು ಕೂರಿಸಿದರೆ, ಅಥವಾ ಕಂಕುಳಿಗೆ ಕೈಕೊಟ್ಟು ಎತ್ತಿದರೆ, ಕೀಲು ಇನ್ನಷ್ಟು ಜಾರಿ, ತಿಂಗಳುಗಟ್ಟಲೆ ಬಿಡದ ನೋವು ಶುರುವಾಗಬಹುದು. ನೋವಿರುವ ಭುಜವನ್ನು ರೋಗಿ ಮುಟ್ಟಿಸಿಕೊಳ್ಳುವುದಿಲ್ಲ. ಮುಟ್ಟಿಸಿಕೊಳ್ಳದ ಕೈಗೆ ವ್ಯಾಯಾಮ ಮಾಡಿಸಲಾಗುವುದಿಲ್ಲ. ಆದ್ದರಿಂದ ಎಡಗೈಯನ್ನು ಹಿಡಿದೆಳೆಯುವುದನ್ನು ಮನೆಯ ಪ್ರತಿಯೊಬ್ಬರೂ, ನೋಡಲು ಬರುವ ನೆಂಟರೂ ಸೇರಿದಂತೆ, ಪೂರ್ತಿ ನಿಲ್ಲಿಸಬೇಕು. ಏಳಿಸುವಾಗ ಸೊಂಟದ ಸುತ್ತ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ ಅದನ್ನು ಹಿಡಿದುಕೊಳ್ಳಿ. ಅದು ಸಿಗುವವರೆಗೆ ಮಡಿಚಿ ಬಿಗಿಯಾಗಿ ಕಟ್ಟಿದ ಹತ್ತಿಯ ಪಂಚೆಯೂ ಆಗುತ್ತದೆ. ಕುರ್ಚಿಯಲ್ಲಿ ಕೂತಾಗ ಎಡಗೈ ಪಕ್ಕಕ್ಕೆ ಜೋತುಬೀಳದಂತೆ ಮಡಿಲಿನ ಮೇಲೆ ದಿಂಬಿಟ್ಟು ಅದರ ಮೇಲೆ ಮುಂಗೈ ಚಾಚಿಡಿ. ಅಂಗಿ ತೊಡಿಸುವಾಗ ಮೊದಲು ಎಡ ತೋಳು, ಬಿಚ್ಚುವಾಗ ಕೊನೆಗೆ ಎಡ ತೋಳು. ಕಿಟಕಿಗೆ ಹಗ್ಗ ಮತ್ತು ರಾಟೆ ಕಟ್ಟಿ ಬಲಗೈಯಿಂದ ಎಡಗೈಯನ್ನು ಮೇಲೆಳೆಯುವ ವ್ಯಾಯಾಮವನ್ನು ಹಲವು ಮನೆಗಳಲ್ಲಿ ಕಾಣುತ್ತೇನೆ; ಈ ಹಂತದಲ್ಲಿ ಅದನ್ನು ಮಾಡಿಸಲೇಬೇಡಿ.

ಅಲುಗಾಡಿಸದೆ ಮಲಗಿಸಿಡಿ ಎಂಬ ಸಲಹೆ ಕಾಳಜಿಯ ಮಾತಿನಂತೆ ಕೇಳಿಸಿದರೂ ಅದನ್ನು ಪಾಲಿಸಬಾರದು. ಮಲಗಿಯೇ ಇದ್ದರೆ ಸ್ನಾಯು ಕ್ಷೀಣಿಸುತ್ತದೆ, ಕೀಲು ಬಿಗಿಯುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಮೆದುಳಿನ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲವಾದರೂ ಉಳಿದ ಭಾಗಗಳು ಹೊಸದಾಗಿ ಕೆಲಸ ಕಲಿಯುತ್ತವೆ. ಆ ಕಲಿಕೆ ಅತಿ ವೇಗವಾಗಿ ನಡೆಯುವುದು ಮೊದಲ 3 ತಿಂಗಳಲ್ಲಿ, ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಕಲಿಯಬೇಕಾದರೆ ಅದೇ ಕೆಲಸವನ್ನು ಅವರೇ ಮತ್ತೆ ಮತ್ತೆ ಮಾಡಬೇಕು. ಎಚ್ಚರವಿರುವ ಹೊತ್ತಿನಲ್ಲಿ ಸಾಧ್ಯವಾದಷ್ಟು ಕಾಲ ಕುರ್ಚಿಯಲ್ಲಿ ಕೂರಲಿ. ಮುಖ ತೊಳೆಯುವುದು, ತಲೆ ಬಾಚುವುದು, ಗುಂಡಿ ಹಾಕುವುದು ಅವರ ಕೈಯಿಂದಲೇ ನಡೆಯಲಿ, ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆಯಾದರೂ ಸರಿ. ಬಲಗೈ ಕೆಲಸ ಮಾಡುವಾಗ ಎಡಗೈಯೂ ಮೇಜಿನ ಮೇಲೆ, ಕಣ್ಣಿಗೆ ಬೀಳುವಂತೆ ಇರಲಿ. ನಿಮ್ಮ ಕೈಯನ್ನು ಅದರ ಮೇಲಿಟ್ಟು ಲೋಟ ಹಿಡಿಸಿ, ಸೋಪು ಮುಟ್ಟಿಸಿ. ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ಅವರಿಗೆ ಕಲಿಯಲು ಏನೂ ಉಳಿಯುವುದಿಲ್ಲ. ರಬ್ಬರ್ ಚೆಂಡು ಹಿಸುಕಿಸುವ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. ಬೆರಳುಗಳು ಆಗಲೇ ಒಳಕ್ಕೆ ಮಡಚಿಕೊಳ್ಳತೊಡಗಿದ್ದರೆ ಬೇಕಿರುವುದು ಬಿಡಿಸುವ ಅಭ್ಯಾಸ. ಏನು ಮಾಡಿಸಬೇಕೆಂದು ನಿಮ್ಮ ಫಿಸಿಯೋಥೆರಪಿಸ್ಟ್ ನೋಡಿ ಹೇಳಲಿ.

ಅವರು ತಟ್ಟೆಯ ಎಡಭಾಗದ ಅನ್ನವನ್ನು ಹಾಗೇ ಬಿಡುತ್ತಾರೆ, ಎಡಗಡೆ ನಿಂತು ಕರೆದರೆ ತಿರುಗುವುದಿಲ್ಲ ಎಂದು ಬರೆದಿದ್ದೀರಿ. ಅದು ಹಟವೂ ಅಲ್ಲ, ಮರೆವೂ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರಿಗೆ ಕಣ್ಣು ಸರಿಯಿದ್ದರೂ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲ. ಕೆಲವರಿಗೆ ತಮ್ಮ ಎಡಗೈಯೇ ತಮ್ಮದೆನಿಸುವುದಿಲ್ಲ. ಗದರಿದರೆ ಪ್ರಯೋಜನವಿಲ್ಲ. ಮಾತನಾಡಿಸುವಾಗ ನೀವು ಎಡಗಡೆ ಕೂತು, ಮೆಲ್ಲಗೆ ಎಡಗೈ ಸವರುತ್ತ ಮುಖ ಇತ್ತ ತಿರುಗಿಸುವಂತೆ ಹೇಳಿ, ಟಿ.ವಿ. ಕೂಡ ಸ್ವಲ್ಪ ಎಡಕ್ಕಿರಲಿ. ಆದರೆ ಕುಡಿಯುವ ನೀರು ಮತ್ತು ನಿಮ್ಮನ್ನು ಕರೆಯುವ ಗಂಟೆಯನ್ನು ಬಲಗಡೆಯೇ ಇಡಿ, ಏಕೆಂದರೆ ತುರ್ತಿನ ಹೊತ್ತು ಅಭ್ಯಾಸದ ಹೊತ್ತಲ್ಲ. ಇಂಥವರು ತಮ್ಮ ಶಕ್ತಿಯನ್ನು ಇರುವುದಕ್ಕಿಂತ ಹೆಚ್ಚಾಗಿ ಎಣಿಸಿ, ಯಾರಿಗೂ ಹೇಳದೆ ಎದ್ದು ನಡೆಯಲು ಹೋಗಿ ಬೀಳುವುದುಂಟು. ರಾತ್ರಿ ಮೂತ್ರಕ್ಕೆ ಏಳುವ ಹೊತ್ತನ್ನು ಗುರುತಿಸಿಕೊಂಡು ನೀವೇ ಸ್ವಲ್ಪ ಮುಂಚೆ ಎಬ್ಬಿಸುವುದು ಒಳ್ಳೆಯದು.

ಊಟದ ವಿಷಯದಲ್ಲಿ ಏನು ಕೊಡಬೇಕೆಂದು ಕೇಳಿದ್ದೀರಿ. ಹೇಗೆ ಕೊಡಬೇಕೆಂಬುದು ಅದಕ್ಕಿಂತ ಮುಖ್ಯ. ಲಕ್ವದ ನಂತರ ನುಂಗುವ ಸ್ನಾಯುಗಳೂ ದುರ್ಬಲವಾಗಿರಬಹುದು. ನೆತ್ತಿ ಹತ್ತಿದರೆ ಆರೋಗ್ಯವಂತರು ಜೋರಾಗಿ ಕೆಮ್ಮಿ ಸರಿಪಡಿಸಿಕೊಳ್ಳುತ್ತಾರೆ. ಇವರಿಗೆ ಕೆಮ್ಮೇ ಬಾರದೆ ಆಹಾರ ಅಥವಾ ಎಂಜಲು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದು. ಉಂಡ ಮೇಲೆ ಧ್ವನಿ ಒದ್ದೆಯಾದಂತೆ ಗೊರಗೊರ ಎನ್ನುವುದು, ಊಟದ ನಡುವೆ ಪದೇಪದೇ ಕೆಮ್ಮುವುದು, ಕಾರಣ ತಿಳಿಯದ ಜ್ವರ ಬರುವುದು ಇವುಗಳಲ್ಲಿ ಯಾವುದು ಕಂಡರೂ ಬಾಯಿಂದ ಕೊಡುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ, ನುಂಗುವಿಕೆಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ಜೊತೆಗೆ ನುಂಗುವಿಕೆಯ ತೊಂದರೆಗೂ ಚಿಕಿತ್ಸೆಯಿದೆ. ನಿಮ್ಮೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದರೆ ಅವರೂ ನೋಡಬಲ್ಲರು.

ಬಾಯಿಂದ ಕೊಡಬಹುದೆಂದು ವೈದ್ಯರು ಹೇಳಿದ್ದರೆ, ಬೆನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ, ಚಿಕ್ಕ ಚಮಚದಲ್ಲಿ ಕೊಡಿ. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಮಲಗಿಸಿಕೊಂಡು ಬಾಯಿಗೆ ನೀರು ಹುಯ್ಯುವುದು ಅಪಾಯ. ತೆಳ್ಳಗಿರುವ ನೀರಿಗಿಂತಲೂ ಮಜ್ಜಿಗೆಗಿಂತಲೂ ಗಟ್ಟಿ ಗಂಜಿ, ಕಡೆದ ಮೊಸರು, ಚೆನ್ನಾಗಿ ಕಿವುಚಿದ ಅನ್ನ-ಬೇಳೆ ಸಾಮಾನ್ಯವಾಗಿ ಸುಲಭವಾಗಿ ಇಳಿಯುತ್ತವೆ. ಅನ್ನದ ಅಗುಳು ತಿಳಿ ಸಾರಿನಲ್ಲಿ ತೇಲುವಂಥ ಊಟ ಇವರಿಗೆ ಕಷ್ಟ, ಏಕೆಂದರೆ ಅಗಿಯುವಷ್ಟರಲ್ಲಿ ಸಾರು ಮುಂಚೆಯೇ ಗಂಟಲಿಗೆ ಜಾರಿರುತ್ತದೆ. ನಿಮ್ಮದು ರಾಗಿ ಮುದ್ದೆಯ ಮನೆಯಾದರೆ ಒಂದು ಮಾತು: ಮುದ್ದೆಯನ್ನು ಅಗಿಯದೆ ನುಂಗುವುದೇ ನಮ್ಮ ಕಡೆಯ ರೂಢಿ, ಅಪ್ಪನವರೂ ಅದನ್ನೇ ಕೇಳಬಹುದು, ನುಂಗುವಿಕೆ ಸರಿಯಿದೆಯೆಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇಡ. ರಾಗಿಯೇ ಬೇಕೆಂದರೆ ಗಟ್ಟಿ ಅಂಬಲಿ ಮಾಡಿಕೊಡಿ. ಒಣ ಅವಲಕ್ಕಿ, ಮಂಡಕ್ಕಿಯೂ ಸದ್ಯಕ್ಕೆ ದೂರವಿರಲಿ. ಊಟವಾದ ಮೇಲೆ ಎಡ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ ಬಾಯಿ ಶುಚಿಮಾಡಿ, ಅರ್ಧ ಗಂಟೆ ಕೂರಿಸಿಯೇ ಇರಿಸಿ. ಹಲ್ಲು, ನಾಲಿಗೆ ದಿನಕ್ಕೆರಡು ಸಲವಾದರೂ ಉಜ್ಜಿಸಬೇಕು. ಬಾಯಿಯ ಕೊಳೆ ಎಂಜಲಿನೊಂದಿಗೆ ಶ್ವಾಸಕೋಶಕ್ಕಿಳಿಯುವುದೇ ಸೋಂಕಿಗೆ ಒಂದು ದಾರಿ.

ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಎಡ ಮಗ್ಗುಲಲ್ಲೂ ಮಲಗಿಸಬಹುದು, ಆದರೆ ಭುಜದ ತುದಿಯ ಮೇಲೆ ಭಾರ ಬೀಳದಂತೆ ಹೆಗಲನ್ನು ಸ್ವಲ್ಪ ಮುಂದಕ್ಕೆ ತಂದಿರಬೇಕು. ಬಲ ಮಗ್ಗುಲಾದರೆ ಎಡಗೈಗೂ ಎಡಗಾಲಿಗೂ ಮುಂದೆ ಒಂದೊಂದು ದಿಂಬು. ಸೊಂಟದ ಕೆಳಗಿನ ಮೂಳೆ, ಪೃಷ್ಠದ ಪಕ್ಕ, ಹಿಮ್ಮಡಿ ಇವುಗಳನ್ನು ದಿನವೂ ಬೆಳಕಿನಲ್ಲಿ ನೋಡಿ. ಪುಸ್ತಕಗಳಲ್ಲಿ ಚರ್ಮ ಕೆಂಪಾಗುತ್ತದೆಂದು ಬರೆದಿರುತ್ತಾರೆ. ನಮ್ಮಂಥ ಕಪ್ಪು ಚರ್ಮದಲ್ಲಿ ಅದು ಅನೇಕ ಸಲ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾದ ಅಥವಾ ನೇರಳೆಯಾದ, ಬಿಸಿಯಾದ, ಮುಟ್ಟಿದರೆ ಗಟ್ಟಿಯೆನಿಸುವ ಜಾಗ ಕಂಡರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆಯೆಂದು ತಿಳಿದು ಆ ಜಾಗದ ಮೇಲಿನ ಭಾರವನ್ನು ಪೂರ್ತಿ ತೆಗೆಯಬೇಕು. ಅದನ್ನು ತಿಕ್ಕಬೇಡಿ, ಪೌಡರ್ ಮೆತ್ತಬೇಡಿ, ಟ್ಯೂಬಿನಂಥ ರಿಂಗ್ ದಿಂಬಿನ ಮೇಲೆ ಕೂರಿಸಬೇಡಿ. ಏರ್ ಬೆಡ್ ತಂದಿದ್ದರೂ ಮಗ್ಗುಲು ಬದಲಾಯಿಸುವ ಕೆಲಸ ತಪ್ಪುವುದಿಲ್ಲ.

ಇನ್ನು ಎಣ್ಣೆ. ಹದವಾಗಿ ಸವರಿ ನೀವುವುದಕ್ಕೆ ನನ್ನ ಅಡ್ಡಿಯಿಲ್ಲ. ಚರ್ಮಕ್ಕೂ ಮನಸ್ಸಿಗೂ ಹಿತ. ಆದರೆ ಎಣ್ಣೆಯಿಂದ ಸ್ವಾಧೀನ ಮರಳುವುದಿಲ್ಲ, ಮತ್ತು ನೆಟಿಗೆ ತೆಗೆಯುತ್ತೇನೆಂದು ಜಗ್ಗುವವರ ಕೈಗೆ ಆ ಭುಜವನ್ನು ಕೊಡಬಾರದು. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ನೀವುವುದು ಸಲ್ಲದು. ಒಳಗೆ ಹೆಪ್ಪುಗಟ್ಟಿದ ರಕ್ತವಿರಬಹುದು, ಅಂದೇ ವೈದ್ಯರಿಗೆ ತೋರಿಸಿ. ಎಡಗಡೆ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಬಿಸಿನೀರಿನ ಚೀಲ ಇಟ್ಟರೆ ಚರ್ಮ ಸುಟ್ಟರೂ ಅವರಿಗೆ ತಿಳಿಯದು. ಪಾರಿವಾಳದ ರಕ್ತ ಸವರಿದರೆ ಲಕ್ವ ಬಿಡುತ್ತದೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ; ಅದರಿಂದ ಏನೂ ಆಗುವುದಿಲ್ಲ. ನಾಟಿ ಔಷಧಿಯಲ್ಲಿ ನನ್ನ ದೊಡ್ಡ ಚಿಂತೆ ಬೇರೆ: ಪಥ್ಯದ ಹೆಸರಿನಲ್ಲಿ ಆಸ್ಪತ್ರೆಯ ಮಾತ್ರೆಗಳನ್ನು ನಿಲ್ಲಿಸಿಬಿಡುವುದು. ರಕ್ತ ಹೆಪ್ಪುಗಟ್ಟದಿರಲು, ಕೊಲೆಸ್ಟ್ರಾಲ್ ಇಳಿಸಲು, ಬಿಪಿ ಹತೋಟಿಯಲ್ಲಿಡಲು ಕೊಟ್ಟಿರುವ ಮಾತ್ರೆಗಳು ಎರಡನೆಯ ಸಲ ಲಕ್ವ ಹೊಡೆಯದಂತೆ ಕಾಯುತ್ತಿವೆ. ಕೈಕಾಲು ಸುಧಾರಿಸಿದ ಮಾತ್ರಕ್ಕೆ ಅವುಗಳ ಅಗತ್ಯ ಮುಗಿಯುವುದಿಲ್ಲ. ಮನೆಯಲ್ಲಿ ಬಿಪಿ ನೋಡುವುದಾದರೆ ಐದು ನಿಮಿಷ ಸುಮ್ಮನೆ ಕೂರಿಸಿ, ಪಾದ ನೆಲಕ್ಕೂರಿ, ಸ್ವಾಧೀನವಿರುವ ಬಲಗೈಯಲ್ಲೇ ನೋಡಿ ಬರೆದಿಡಿ. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಆ ಲೆಕ್ಕದಲ್ಲೇ ಬರುತ್ತವೆ. ಬೀಡಿ, ಹೊಗೆಸೊಪ್ಪು ಇದ್ದರೆ ಪೂರ್ತಿ ಬಿಡಿಸಿ.

ಬಚ್ಚಲಿಗೆ ಗೋಡೆಹಿಡಿ ಹಾಕಿಸಿ, ಕಮೋಡ್ ಕುರ್ಚಿ ತನ್ನಿ. ಮಂಚ ಪಾದ ನೆಲಕ್ಕೆ ಪೂರ್ತಿ ಊರುವ ಎತ್ತರದಲ್ಲಿರಲಿ. ನಡೆಯಲು ಶುರುಮಾಡಿದಾಗ ಕೋಲು ಬಲಗೈಯಲ್ಲಿ, ನೀವು ಎಡಗಡೆ.

ಅಪ್ಪ ಮಾತು ಕಡಿಮೆ ಮಾಡಿದ್ದಾರೆ, ಊಟ ಬೇಡವೆನ್ನುತ್ತಾರೆ ಎಂಬ ನಿಮ್ಮ ಮಾತನ್ನು ಹಗುರವಾಗಿ ಬಿಡಬೇಡಿ. ಲಕ್ವವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ, ಅದು ಬಂದವರು ವ್ಯಾಯಾಮಕ್ಕೂ ಮನಸ್ಸು ಕೊಡುವುದಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ನೀವೇ ವಿಷಯ ಎತ್ತಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ರಾತ್ರಿಯಿಡೀ ನಿದ್ದೆಗೆಡುತ್ತಿರುವ ನಿಮ್ಮ ತಾಯಿಗೂ ಆ ಸಂಖ್ಯೆ ಉಪಯೋಗಕ್ಕೆ ಬಂದೀತು.

ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಬಲಗೈಯಲ್ಲೂ ದಿಢೀರನೆ ಶಕ್ತಿ ಕುಂದುವುದು, ಹಿಂದೆಂದೂ ಬಾರದಂಥ ತಲೆನೋವು ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದವರಿಗೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ಕೊನೆಯದಾಗಿ ಅವರು ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಹೇಳಲು ನೆನಪಿಡಿ. ಹೋಗುವ ದಾರಿಯಲ್ಲಿ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬೇಡಿ. ಹೊಸದಾಗಿ ಆಗಿರುವುದು ಮೆದುಳಿನ ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸುತ್ತದೆ.

ನಾಳೆ ಫಿಸಿಯೋಥೆರಪಿಸ್ಟ್ ಬಂದಾಗ ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದನ್ನು ಅವರೇ ಮಾಡಿ ತೋರಿಸುವುದಷ್ಟೇ ಸಾಲದು. ನಿಮ್ಮಿಂದಲೂ ನಿಮ್ಮ ತಾಯಿಯಿಂದಲೂ ಮಾಡಿಸಿ, ನಿಮ್ಮ ಸೊಂಟಕ್ಕೆ ಪೆಟ್ಟಾಗದಂತೆ ಮೊಣಕಾಲು ಮಡಿಸುವುದನ್ನೂ ತಂದೆಯವರ ಎಡ ಮೊಣಕಾಲು ಕುಸಿಯದಂತೆ ತಡೆಯುವುದನ್ನೂ ತಿದ್ದಲು ಕೇಳಿ. ನರರೋಗ ತಜ್ಞರನ್ನು ಕಂಡಾಗ ಬಿಪಿ ಎಷ್ಟಿರಬೇಕು, ಯಾವ ಮಾತ್ರೆ ಎಷ್ಟು ಕಾಲ, ನುಂಗುವಿಕೆಯ ಪರೀಕ್ಷೆ ಆಗಿದೆಯೇ ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಅವರು ಹೇಳಿದ್ದಕ್ಕೂ ನಾನು ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸವಿದ್ದರೆ, ತಂದೆಯವರನ್ನು ಕಣ್ಣಾರೆ ಪರೀಕ್ಷಿಸಿದ ಅವರ ಮಾತನ್ನೇ ಪಾಲಿಸಿ.