ಹಾವುಮೀನಿಗೆ ಸಿಕ್ಕ ಹಕ್ಕು ಮರಕ್ಕೆ ಯಾಕೆ ಸಿಗಲಿಲ್ಲ?
ಮಿಕ್‌ಮಾಕ್ ಜನ (ಪೂರ್ವ ಕೆನಡಾದ ಮೂಲನಿವಾಸಿಗಳು) ಭೂಮಿ ಬಿಟ್ಟುಕೊಟ್ಟೇ ಇಲ್ಲ ಅಂದಮೇಲೆ 1999ರಲ್ಲಿ ಹಾವುಮೀನಿನ ಕೇಸು ಗೆದ್ದು 2005ರಲ್ಲಿ ಮರದ ಕೇಸು ಸೋತಿದ್ದು ಹೇಗೆ ಅಂತ ಕೇಳಿದ್ದೀರಿ. ಎರಡೂ ಕೆನಡಾ ಸುಪ್ರೀಂ ಕೋರ್ಟಿನ ತೀರ್ಪೇ. ಆದರೆ ಒಪ್ಪಂದದ ಹಕ್ಕು ಬೇರೆ, ಭೂಮಿಯ ಒಡೆತನ ಬೇರೆ. ಗೊಂದಲ ಆಗೋದೇ ಇಲ್ಲಿ.

1999ರ ಕೇಸು ಮಿಕ್‌ಮಾಕ್ ಸಮುದಾಯದ ಡೊನಾಲ್ಡ್ ಮಾರ್ಷಲ್ ಅವರದು. ಅವರು 1993ರಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಲೈಸೆನ್ಸ್ ಇಲ್ಲದೆ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟಿಗೆ ಮಾರಿದ್ದರು. ಮಿಕ್‌ಮಾಕ್ ಜನ ಬ್ರಿಟಿಷರ ಜೊತೆ ಮಾಡಿಕೊಂಡ 1760-61ರ ಒಪ್ಪಂದಗಳಲ್ಲಿ ಬ್ರಿಟಿಷರ ವ್ಯಾಪಾರದ ಕಟ್ಟೆಗಳ ಮಾತಿದೆ. ಮಾರೋಕೆ ಸರಕು ಬೇಕಲ್ಲ, ಹಾಗಾಗಿ ಅದನ್ನು ಹಿಡಿಯುವ ಹಕ್ಕೂ ಅದರಲ್ಲೇ ಅಡಗಿದೆ ಅಂದಿತು ಕೋರ್ಟು. ಮಿತಿ: ‘ಸಾಧಾರಣ ಜೀವನೋಪಾಯ’ಕ್ಕಷ್ಟೇ. ಅದು ಎಷ್ಟು ಅಂತ ಲೆಕ್ಕ ಹೇಳದೇ ಬಿಟ್ಟಿದ್ದರಿಂದಲೇ ವಿವಾದ 2020ರಲ್ಲಿ ಮಿಕ್‌ಮಾಕ್ ಮತ್ತು ಇತರ ಮೀನುಗಾರರ ನಡುವಿನ ಲಾಬ್‌ಸ್ಟರ್ (ಕಡಲ ನಳ್ಳಿ) ಜಗಳದವರೆಗೂ ಬಂತು.

2005ರ ಕೇಸು ಸರ್ಕಾರಿ ಕಾಡಿನ ಮರದ್ದು. ನ್ಯೂ ಬ್ರನ್ಸ್‌ವಿಕ್‌ನ ಆರೋಪಿಯ ಬಳಿ ಇದ್ದದ್ದು ಬರೀ 23 ದಿಮ್ಮಿ. ಮರ ಕಡಿದು ಮಾರುವುದು 1760ರ ವ್ಯಾಪಾರದ ಸಹಜ ಮುಂದುವರಿಕೆ ಅಲ್ಲ ಅಂತ ಒಪ್ಪಂದದ ವಾದ ಬಿತ್ತು. ಒಡೆತನಕ್ಕೋ, ಬ್ರಿಟಿಷ್ ಸಾರ್ವಭೌಮತ್ವ ಬಂದ ಹೊತ್ತಿಗೆ ಮರ ಕಡಿದ ಆ ಜಾಗವೇ ತಮ್ಮ ಏಕಮಾತ್ರ ಹಿಡಿತದಲ್ಲಿತ್ತು ಅಂತ ತೋರಿಸಬೇಕಿತ್ತು. ಋತುಮಾನಕ್ಕೆ ತಕ್ಕಂತೆ ಜಾಗ ಬದಲಿಸುತ್ತಿದ್ದವರಿಗೆ ಇದು ಕಠಿಣ ಪರೀಕ್ಷೆ, ನನ್ನ ಪ್ರಕಾರ ಅನ್ಯಾಯದ್ದೂ ಹೌದು.

ಒಂದು ಮಾತ್ರ ಗಮನಿಸಿ: ಸೋತಿದ್ದು ಆ ಜಾಗಗಳ ಮಟ್ಟಿಗೆ. ಒಡೆತನವೇ ಇಲ್ಲ ಅಂತ ಕೋರ್ಟು ಹೇಳಿಲ್ಲ. 2014ರಲ್ಲಿ ಬ್ರಿಟಿಷ್ ಕೊಲಂಬಿಯಾದ ಚಿಲ್ಕೋಟಿನ್ ಮೂಲನಿವಾಸಿಗಳಿಗೆ ಅದೇ ಕೋರ್ಟು ವಿಶಾಲ ಪ್ರದೇಶದ ಒಡೆತನ ಒಪ್ಪಿತು. ಅವರೂ ಅರೆ ಅಲೆಮಾರಿಗಳೇ.